ಹವಾಲ್ದಾರ ಹೊರೆ ಇಳಿಸಿದ ದಿನ

ನನಗೂ ಹವಾಲ್ದಾರನಿಗೂ ಒಂದೇ ವಯಸ್ಸು, ಇಪ್ಪತ್ತೊಂದು. ಗೋವಾದ ಸಾಂಖಳಿಯ ನಮ್ಮ ಓಣಿಯ ಹೆಂಗಸರೆಲ್ಲ ನನ್ನ ಮದುವೆಯ ಚಿಂತೆಯಲ್ಲಿದ್ದರೆ, ನಮ್ಮ ಮನೆಯವರೆಲ್ಲ ಹವಾಲ್ದಾರನ ಸಂತಾನದ ಚಿಂತೆಯಲ್ಲಿದ್ದರು. ಇದರಲ್ಲಿ ನನಗೇನೂ ಬೇಸರವಿರಲಿಲ್ಲ. ನಿಜ ಹೇಳಬೇಕೆಂದರೆ ಆ ಚಿಂತೆಯನ್ನು ಮನೆಗೆ ತಂದು ಹಚ್ಚಿದವಳೇ ನಾನು.

ಹವಾಲ್ದಾರ ನಮ್ಮ ಕತ್ತೆ. ಕತ್ತೆ ಎಂದ ಕೂಡಲೇ ನಗುವವರು ಒಮ್ಮೆ ಬಂದು ಅವನ ಪಕ್ಕ ನಿಂತು ನೋಡಬೇಕು. ಬೆನ್ನು ನನ್ನ ಎದೆಮಟ್ಟಕ್ಕೆ ಬರುತ್ತದೆ. ಬೂದು ಮೈ, ಬೆನ್ನುದ್ದಕ್ಕೂ ಒಂದು ಕರಿ ಗೆರೆ, ಯಾರು ಏನು ಮಾತಾಡಿದರೂ ಅತ್ತ ತಿರುಗುವ ಉದ್ದನೆಯ ಕಿವಿ. ಇಂಥ ಎತ್ತರದ ಕತ್ತೆಗಳನ್ನು ನನ್ನ ಮುತ್ಯಾ, ಅಂದರೆ ಅಜ್ಜ ದಾವಲಮಲಿಕನ ಅಪ್ಪ ವಿಜಯಪುರದ ಕಡೆಯಿಂದ ಗೋವಾಕ್ಕೆ ಹೊಡೆದುಕೊಂಡು ಬಂದಿದ್ದನಂತೆ. ಒಂದು ಕಾಲಕ್ಕೆ ನಮ್ಮಲ್ಲಿ ಹನ್ನೊಂದು ಇದ್ದವು. ಗಾಡಿ ಹೋಗದ ಗುಡ್ಡದ ಮೇಲೆ ಮನೆ ಕಟ್ಟುವವರಿಗೆಲ್ಲ ಉಸುಕು, ಚಿರೇಕಲ್ಲು, ಸಿಮೆಂಟು ಹೊತ್ತು ಕೊಟ್ಟಿದ್ದು ಇವೇ. ಆಮೇಲೆ ಎಲ್ಲ ಕಡೆ ರಸ್ತೆ ಆಯಿತು, ಪಿಕಪ್ ಗಾಡಿಗಳು ಬಂದವು, ಕತ್ತೆಗಳು ಒಂದೊಂದಾಗಿ ಹೋದವು. ಉಳಿದವನು ಇವನೊಬ್ಬ.

ಹೆಸರಿನ ಕತೆಯನ್ನೂ ಹೇಳಿಬಿಡುತ್ತೇನೆ. ಆಗ ನಮ್ಮವರು ವಾಸ್ಕೋದ ಬಾಯ್ನಾದಲ್ಲಿದ್ದರು. ಸಮುದ್ರದ ದಂಡೆಯ ಆ ಮನೆಗಳನ್ನು ಕೆಡವಿದಾಗ ನಮ್ಮ ತಗಡಿನ ಪತ್ರಾಸು, ಟ್ರಂಕು, ಗಂಗಾಳ, ನನ್ನ ಅಜ್ಜಿ ಆಯಿಯ ಹೊಲಿಗೆ ಯಂತ್ರ ಎಲ್ಲವನ್ನೂ ಹೊತ್ತು ಎರಡು ದಿನ ನಡೆದು ಸಾಂಖಳಿಗೆ ತಂದವಳು ಹವಾಲ್ದಾರನ ತಾಯಿ. ತುಂಬು ಗಬ್ಬ ಬೇರೆ. ಬಂದ ಎಂಟನೇ ದಿನಕ್ಕೆ ಮರಿ ಹಾಕಿದಳು. ಮನೆ ಕೆಡವುವಾಗ ಪೊಲೀಸ್ ಹವಾಲ್ದಾರರು ಸಾಲಾಗಿ ನಿಂತು "ಸರೀರಿ, ಸರೀರಿ" ಎನ್ನುತ್ತಿದ್ದರಂತೆ. ಒಬ್ಬ ಹವಾಲ್ದಾರನಿಗಾದರೂ ತಾನು "ಸರಿ ಆ ಕಡೆ" ಅನ್ನಬೇಕೆಂದು ಮುತ್ಯಾನಿಗೆ ಅವತ್ತಿನಿಂದ ಆಸೆ. ಮರಿ ಗಂಡಾಯಿತು, ಆಸೆ ತೀರಿತು. ಅದೇ ತಿಂಗಳು ನಾನೂ ಹುಟ್ಟಿದೆ. ಅಪ್ಪ-ಅಮ್ಮ ಬಂದರಿನ ಕೆಲಸಕ್ಕೆಂದು ವಾಸ್ಕೋದಲ್ಲೇ ಉಳಿದರು. ನಾನು ಮುತ್ಯಾ ಮತ್ತು ಆಯಿಯ ಹತ್ತಿರ, ಹವಾಲ್ದಾರನ ಜೊತೆಗೆ ಬೆಳೆದೆ.

ಈಗ ನಾನು ಕೊರ್ಲಿಮ್‌ನ ಔಷಧ ಕಾರ್ಖಾನೆಯೊಂದರಲ್ಲಿ ಲ್ಯಾಬ್ ಕೆಲಸ ಮಾಡುತ್ತೇನೆ. ಒಂದು ದಿನ ಊಟದ ಹೊತ್ತಿನಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದಾಗ ಒಂದು ವಿಡಿಯೊ ಕಂಡಿತು. ವಿಜಯಪುರದ ಕಡೆಯ ಒಂದು ಸಣ್ಣ ಕೇಂದ್ರ. ಅಲ್ಲಿ ಆರು ಹೆಣ್ಣುಗತ್ತೆಗಳು. ಎತ್ತರ, ಬೂದು ಮೈ, ಬೆನ್ನ ಮೇಲೆ ಕರಿ ಗೆರೆ. ಶೈಲಾ ಎಂಬ ಪಶುವೈದ್ಯೆ ಹೇಳುತ್ತಿದ್ದರು: "ಈ ಜಾತಿ ಗಂಡು ಎಲ್ಲಿ ಹುಡುಕಿದ್ರೂ ನಮಗ ಸಿಕ್ಕಿಲ್ಲ. ಯಾರ ಹತ್ರರೆ ಇದ್ರ ದಯಮಾಡಿ ಫೋನ್ ಮಾಡ್ರಿ."

ನಾನು ಡಬ್ಬಿಯ ಮುಚ್ಚಳವನ್ನೂ ಹಾಕದೆ ಎದ್ದೆ. ಕಾರ್ಖಾನೆಯ ಗೇಟಿನ ಹೊರಗೆ ಬಿಸಿಲಲ್ಲಿ ನಿಂತು ಫೋನ್ ಹಚ್ಚಿದೆ. "ಮೇಡಂ, ನಮ್ಮ ಹವಾಲ್ದಾರ ಅದಾನ್ರಿ" ಎಂದು ಕೂಗಿಯೇ ಬಿಟ್ಟೆ. ಗೇಟಿನ ವಾಚ್‌ಮನ್ ಹೆದರಿ ಎದ್ದು ನಿಂತ.

ಮೊದಲು ಹವಾಲ್ದಾರನನ್ನೇ ಅಲ್ಲಿಗೆ ಕಳಿಸೋಣವೆಂದು ಲಾರಿ ಹತ್ತಿಸಿದೆವು. ಚೋರ್ಲಾ ಘಾಟಿನ ಮೂರನೇ ತಿರುವಿಗೆ ಕಾಲು ಮಡಚಿ ಮಲಗಿಬಿಟ್ಟ. ನಡುಕ ನಿಲ್ಲಲೇ ಇಲ್ಲ, ಹಿಂದಕ್ಕೆ ಕರೆತಂದೆವು. ಆಗ ಡಾಕ್ಟರ್ ಶೈಲಾ ತಾವೇ ಬರುತ್ತೇನೆ ಎಂದರು. ಹವಾಲ್ದಾರ ಬರುವುದು ಬೇಡ, ಅವನ ವೀರ್ಯ ಬಂದರೆ ಸಾಕು. ಅದನ್ನು ಕಡ್ಡಿಯಷ್ಟು ತೆಳ್ಳಗಿನ ನಳಿಕೆಗಳಲ್ಲಿ ತುಂಬಿ, ಸೊನ್ನೆಗಿಂತ ನೂರಾ ತೊಂಬತ್ತಾರು ಡಿಗ್ರಿ ಕೆಳಗಿನ ಥಂಡಿಯಲ್ಲಿ ಇಟ್ಟರೆ ಎಷ್ಟು ವರ್ಷ ಬೇಕಾದರೂ ಇರುತ್ತದೆ. ಬೇಕಾದಾಗ ಒಂದು ಕಡ್ಡಿ ತೆಗೆದು ಬಿಸಿ ಮಾಡಿ ಹೆಣ್ಣುಗತ್ತೆಗೆ ಕೊಡಬಹುದು.

"ನಾ ಹೋದ ಮ್ಯಾಲ ನೀವು ಅದೀರಿ. ಇಂವ ಹೋದ ಮ್ಯಾಲ ಯಾರ ಅದಾರ?" ಎಂದು ಮುತ್ಯಾ ವರ್ಷಗಟ್ಟಲೆ ಹೇಳುತ್ತಿದ್ದ. ಈ ಕಡ್ಡಿಯ ಸುದ್ದಿ ಕೇಳಿದ ಮೂರನೇ ದಿನ ಹವಾಲ್ದಾರನ ಕಿವಿ ಸವರುತ್ತಾ, "ನಾಚಿಕಿ ಕೆಲಸ. ಆದ್ರ ಮಾಡೂಣು" ಎಂದ.

ಡಾಕ್ಟರ್ ಜೀಪಿನಲ್ಲಿ ಒಂದು ಶನಿವಾರ ಬೆಳಿಗ್ಗೆ ಎಂಟಕ್ಕೇ ಬಂದಿಳಿದರು. ಮೈಕ್ರೋಸ್ಕೋಪು, ವೀರ್ಯ ತಿರುಗಿಸುವ ಯಂತ್ರ, ಮಂಜುಗಡ್ಡೆಯ ಪೆಟ್ಟಿಗೆ, ಹಾಲಿನ ಕ್ಯಾನಿನಷ್ಟು ದೊಡ್ಡ ದ್ರವ ಸಾರಜನಕದ ಕ್ಯಾನು ಎಲ್ಲ ನಮ್ಮ ಪಡಸಾಲೆಗೆ ಬಂದವು. ಹವಾಲ್ದಾರನ ಹಲ್ಲು ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ನನ್ನನ್ನು ಪಕ್ಕಕ್ಕೆ ಕರೆದರು.

"ಮುಬಶ್ಶಿರಾ, ಎದಿ ಗಟ್ಟಿ ಐತಿ. ಆದ್ರ ಹಲ್ಲು ಪೂರ್ತಿ ಸವದಾವು, ತಿಂದದ್ದು ಮೈಗೆ ಹತ್ತವಲ್ದು. ನಾ ಮತ್ತ ಈ ಕಡಿ ಬರೂದು ಮಳಿಗಾಲ ಮುಗದ ಮ್ಯಾಲ. ಅಲ್ಲೀತನ ಇರತಾನಂತ ನಾ ಹೇಳಾಕ ಆಗೂದಿಲ್ಲ."

"ಹಂಗಾದ್ರ ಇವತ್ತ ಆಗಬೇಕ್ರಿ" ಎಂದೆ.

"ಇವತ್ತ, ಅದೂ ಮಧ್ಯಾಹ್ನ ಹನ್ನೆರಡೂವರಿ ಒಳಗ. ಕಡ್ಡಿ ತುಂಬಿ ಗಡ್ಡಿ ಕಟ್ಟಸಾಕ ಮೂರೂವರಿ ತಾಸು ಬೇಕು. ನಾಕಕ್ಕ ನಾ ಹೊರಡಬೇಕು."

ಬೆದೆಗೆ ಬಂದ ಹೆಣ್ಣು ಎದುರಿಗಿದ್ದರೆ ಮಾತ್ರ ಈ ಕೆಲಸ ಆಗುತ್ತದೆ. ಅದಕ್ಕೆ ಕತ್ತೆ ಹಾಲು ಮಾರುವ ಫಕೀರವ್ವನ ಗಂಗಿ ಬಂದಿದ್ದಳು. ಗಂಗಿ ಸಣ್ಣ ಜಾತಿಯವಳು. ಹಿಂದೆ ಎರಡು ಸಲ ಹವಾಲ್ದಾರನಿಂದ ಮರಿ ಹಾಕಿದ್ದರೂ ಎರಡೂ ಅವಳಷ್ಟೇ ಗಿಡ್ಡವಾಗಿದ್ದವು. ಇವತ್ತು ಅವಳದು ಬರೀ ಎದುರಿಗೆ ನಿಲ್ಲುವ ಕೆಲಸ.

ಇಷ್ಟು ದೊಡ್ಡ ಡಾಕ್ಟರು ಮನೆಗೆ ಬರುತ್ತಾರೆಂದು ನಾವೇನು ಕಡಿಮೆ ತಯಾರಿ ಮಾಡಿರಲಿಲ್ಲ. ಹವಾಲ್ದಾರನಿಗೆ ಎಂಟು ದಿನ ಕೆಲಸವಿಲ್ಲ. ಹೊತ್ತು ಹೊತ್ತಿಗೆ ನೆನೆಸಿದ ಕಡಲೆ, ಬೆಲ್ಲ. ಅವತ್ತು ಬೆಳಿಗ್ಗೆ ಆಯಿ ನನ್ನ ಶಾಂಪೂವಿನ ಅರ್ಧ ಬಾಟಲಿ ಸುರಿದು ಬಿಸಿನೀರಲ್ಲಿ ಅವನ ಮೈ ತೊಳೆದಿದ್ದಳು. ಡಾಕ್ಟರ ಬೂಟಿಗೆ ಮಣ್ಣು ಹತ್ತಬಾರದೆಂದು ಅಂಗಳಕ್ಕೆಲ್ಲ ಹೊಸ ನೀಲಿ ತಾಡಪತ್ರಿ ಹಾಸಿದ್ದೆವು. ಅದರ ನಡುವೆ ಹವಾಲ್ದಾರ ಮದುಮಗನ ಹಾಗೆ ನಿಂತಿದ್ದ.

ಡಾಕ್ಟರ್ ಚೀಲದಿಂದ ವೀರ್ಯ ಹಿಡಿಯುವ ಸಾಧನ ತೆಗೆದರು. ಹೊರಗೆ ಚರ್ಮ, ಒಳಗೆ ರಬ್ಬರು, ನಡುವೆ ಬಿಸಿನೀರು, ತುದಿಗೊಂದು ಬಾಟಲಿ. ಗಂಡು ಏರಿದಾಗ ಪಕ್ಕದಿಂದ ಇದನ್ನು ಹಿಡಿಯಬೇಕು. ನೀರು ನಲವತ್ತೈದು ಡಿಗ್ರಿಯಲ್ಲೇ ಇರಬೇಕು, ಅದು ನನ್ನ ಕೆಲಸ. ಆಯಿ ಅದನ್ನು ಮೇಲೆ ಕೆಳಗೆ ನೋಡಿ, "ಯಾ ಅಲ್ಲಾ, ಇದನ್ನ ಹಿಡಿಯಾಕ ಇಷ್ಟ ವರ್ಷ ಓದಿದ್ರೇನ್ರಿ?" ಎಂದಳು. ಡಾಕ್ಟರ್ ನಕ್ಕು, "ಹೌದ್ರಿ ಅಮ್ಮಾರ, ನಮ್ಮ ಅವ್ವನೂ ಇದನ್ನ ಕೇಳ್ತಾಳ" ಎಂದರು. ಮುತ್ಯಾ ಮಾತ್ರ ಹವಾಲ್ದಾರನ ಹಗ್ಗ ಹಿಡಿದು ಮುಖವನ್ನು ಪಕ್ಕದ ಮನೆಯ ಗೋಡೆಯ ಕಡೆಗೆ ತಿರುಗಿಸಿ ನಿಂತ.

ಗಂಗಿ ಬಂದಳು. ಬಾಯಿ ಆಡಿಸಿದಳು, ಬಾಲ ಪಕ್ಕಕ್ಕೆ ಸರಿಸಿದಳು. ಹವಾಲ್ದಾರ ಬಸ್ಸಿನಲ್ಲಿ ಪಕ್ಕ ಕೂತವರನ್ನು ನೋಡುವಂತೆ ಅವಳನ್ನೊಮ್ಮೆ ನೋಡಿ ಕಡಲೆಯ ಬುಟ್ಟಿಯ ಕಡೆ ತಿರುಗಿದ.

"ಗಂಡುಗತ್ತಿ ಭಾಳ ನಿಧಾನ. ಕಾಯೂಣು" ಎಂದರು ಡಾಕ್ಟರ್.

ಕಾದೆವು. ಒಂಬತ್ತಾಯಿತು. ನೀರು ಆರಿತು, ಮತ್ತೆ ಕಾಯಿಸಿದೆ. ಹತ್ತಾಯಿತು. ಮತ್ತೆ ಆರಿತು, ಮತ್ತೆ ಕಾಯಿಸಿದೆ. ಗಂಗಿಯನ್ನು ಸುತ್ತು ಹಾಕಿಸಿದೆವು, ದೂರ ಒಯ್ದು ಕರೆತಂದೆವು. ಹವಾಲ್ದಾರ ಒಂದು ಕಾಲಿಗೆ ಭಾರ ಬಿಟ್ಟು ಕಣ್ಣು ಮುಚ್ಚಿದ. ನನಗೆ ಅವನ ಕಿವಿ ಹಿಡಿದು ತಿರುಚಬೇಕೆನಿಸಿತು. ಹನ್ನೊಂದಕ್ಕೆ ಫಕೀರವ್ವ ಸೆರಗಿನಿಂದ ಬೆವರು ಒರೆಸಿಕೊಂಡು ಆಯಿಯ ಕಡೆ ತಿರುಗಿ, "ಮಾಶಾಬಿ, ನಿಮ್ಮ ಹವಾಲ್ದಾರ ರಿಟೈರ್ ಆಗ್ಯಾನ ನೋಡ" ಎಂದು ಕಿಸಕ್ಕನೆ ನಕ್ಕಳು.

"ನಿಮ್ಮ ಗಂಗಿನ್ನ ಮೊದಲ ಕನ್ನಡಿ ಮುಂದ ನಿಲ್ಲಸ್ರಿ" ಎಂದು ನಾನು ಒದರಿದೆ. ತಪ್ಪು ನನ್ನದೇ. ಡಾಕ್ಟರ್ ಗಡಿಯಾರ ನೋಡಿಕೊಂಡು ಸಾಧನದ ನೀರು ಚೆಲ್ಲಿದರು. ಆ ನೀರು ತಾಡಪತ್ರಿಯ ಮೇಲೆ ಹರಿದಿದ್ದನ್ನು ನೋಡಿ ನನಗೆ ಅಳು ಬಂತು. ಆರು ಹೆಣ್ಣು ಅಲ್ಲಿ, ಒಂದು ಗಂಡು ಇಲ್ಲಿ, ನಡುವೆ ಇದ್ದಿದ್ದು ಇವತ್ತಿನ ಒಂದೂವರೆ ತಾಸು ಮಾತ್ರ.

ಆಯಿಗೆ ಅವಮಾನವಾಗಿತ್ತು. "ನಮ್ಮ ಕಡಿಂದ ಏನೂ ಕಮ್ಮಿ ಮಾಡಿಲ್ರಿ ಬಾಯಾರ. ಎಂಟ ದಿನ ಒಂದ ಬುಟ್ಟಿ ಉಸುಕು ಹೊರಸಿಲ್ಲ. ಶಾಂಪೂ ಹಚ್ಚಿ ಮೈ ತೊಳದೇವಿ. ಮಣ್ಣಾಗ ಹೊರಳಾಕ ಬಿಟ್ಟಿಲ್ಲ..."

ಗೋಡೆಯ ಕಡೆ ಮುಖ ಮಾಡಿದ್ದ ಮುತ್ಯಾ ಗಕ್ಕನೆ ತಿರುಗಿದ.

"ಏನಂದಿ?"

"ಮಣ್ಣಾಗ ಹೊರಳಾಕ ಬಿಟ್ಟಿಲ್ಲ ಅಂದೆ."

ಮುತ್ಯಾ ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಡಾಕ್ಟರ ಬಾಯಾರ, ತಪ್ಪ ನಂದ ಐತ್ರಿ. ಇಂವಾ ಹರೇದಾಗ ಹೊರಿ ಹೊತಗೊಂಡನ ಹೆಣ್ಣಿನ ಬೆನ್ನ ಹತ್ತಿ ಓಡತಿದ್ದ. ಮಂದಿ ಉಸುಕೆಲ್ಲಾ ಗಟಾರದಾಗ. ಅದಕ್ಕ ನಾ ರೂಢಿ ಮಾಡಸಿದೆ. ಮೊದಲ ಗುಡ್ಡ ಹತ್ತಬೇಕು, ಹೊರಿ ಇಳೀಬೇಕು. ಕೆಳಗ ಬಂದು ಮಣ್ಣಾಗ ಹೊರಳಬೇಕು. ಆಮ್ಯಾಲ ಅವನ ಸಂಸಾರ. ಹದಿನೆಂಟ ವರ್ಷದಿಂದ ಇದ ಪದ್ಧತಿ. ಹೊರಿ ಇಳಸದ ಇಂವಗ ಸುಟ್ಟಿ ಆಗೂದಿಲ್ರಿ. ಇಂವಾ ಇನ್ನೂ ಡ್ಯೂಟಿ ಮ್ಯಾಲ ಅದಾನ."

ಡಾಕ್ಟರ್ ಬಾಯಿ ಬಿಟ್ಟುಕೊಂಡು ಮುತ್ಯಾನನ್ನೇ ನೋಡಿದರು. ನಾನು ಆಗಲೇ ಗೋಣಿಚೀಲ ತರಲು ಓಡಿದ್ದೆ.

"ಖಾಲಿ ಚೀಲ ಕಟ್ಟಿ ನೋಡ್ರಿ ಅಜ್ಜಾರ, ವಯಸ್ಸಾದ ಜೀವ" ಎಂದರು ಡಾಕ್ಟರ್. ಕಟ್ಟಿದೆವು. ಹವಾಲ್ದಾರ ಕತ್ತು ತಿರುಗಿಸಿ ಚೀಲ ಮೂಸಿ ನೋಡಿ, ಮುತ್ಯಾನ ಮುಖ ನೋಡಿ, ಹಾಗೇ ನಿಂತ. ಅವನಿಗೆ ಇಷ್ಟು ವರ್ಷದಲ್ಲಿ ಇಂಥ ಮೋಸವನ್ನು ಯಾರೂ ಮಾಡಿರಲಿಲ್ಲ. ಡಾಕ್ಟರ್ ಮತ್ತೊಮ್ಮೆ ಅವನ ಎದೆ ಕೇಳಿದರು. "ಒಂದ ಬುಟ್ಟಿ. ಎರಡೂ ಕಡಿ ಅರ್ಧರ್ಧ. ಅದರ ಮ್ಯಾಲ ಒಂದ ಹಿಡಿನೂ ಇಲ್ಲ."

ಮುತ್ಯಾ "ಬಿಸ್ಮಿಲ್ಲಾ" ಎಂದು ಹೊರೆ ಏರಿಸಿ ಗಂಟು ಬಿಗಿದ. ಹವಾಲ್ದಾರನ ಕಿವಿ ನೆಟ್ಟಗಾದವು. ಯಾರೂ ಹೊಡೆಯಲಿಲ್ಲ, ಎಳೆಯಲಿಲ್ಲ. ಮನೆಯ ಹಿಂದಿನ ಗುಡ್ಡದ ಮೆಟ್ಟಿಲುಗಳನ್ನು ತಾನೇ ಹತ್ತತೊಡಗಿದ. ಹಿಂದೆ ಮುತ್ಯಾ, ಅವನ ಹಿಂದೆ ಸ್ಟೆತಸ್ಕೋಪ್ ಹಾಕಿಕೊಂಡ ಡಾಕ್ಟರ್, ಕೊನೆಗೆ ಬಿಸಿನೀರಿನ ಥರ್ಮಾಸು ಅಪ್ಪಿಕೊಂಡ ನಾನು. ಮೇಲೆ ಅರ್ಧ ಕಟ್ಟಿದ ಮನೆಯೊಂದರ ಮುಂದೆ, ದಿನಾ ಉಸುಕು ಸುರಿಯುವ ಜಾಗಕ್ಕೆ ಬಂದು ಹವಾಲ್ದಾರ ಸರಿಯಾಗಿ ನಿಂತ. ಅಲ್ಲಿ ಕೆಲಸ ಮಾಡುತ್ತಿದ್ದ ಗೌಂಡಿಗಳು ಕರಣಿ ಹಿಡಿದು ಹಾಗೇ ನೋಡುತ್ತಾ ಉಳಿದರು.

ಮುತ್ಯಾ ಗಂಟು ಬಿಚ್ಚಿದ. ಉಸುಕು ಸುರಿಯಿತು. ಅವನ ಹಿಂಭಾಗಕ್ಕೆ ಎರಡು ಸಲ ತಟ್ಟಿ, "ಇಳೀತು ಹವಾಲ್ದಾರ. ಸರಿ ಆ ಕಡೆ" ಎಂದ.

ಆಮೇಲೆ ನಡೆದಿದ್ದನ್ನು ನಾನು ಇವತ್ತಿಗೂ ನಿಧಾನವಾಗಿ ಹೇಳಲಾರೆ. ಹವಾಲ್ದಾರ ಇಳಿಜಾರಿನಲ್ಲಿ ಓಡಿದ. ಇಪ್ಪತ್ತೊಂದು ವರ್ಷದ, ಹಲ್ಲು ಸವೆದ ಕತ್ತೆ ಓಡಿದ! ನಾವು ಮೂವರೂ ಎದ್ದು ಬಿದ್ದು ಅವನ ಹಿಂದೆ. ಅಂಗಳಕ್ಕೆ ಬಂದವನು ತಾಡಪತ್ರಿಯ ಅಂಚಿಗೆ ಗಕ್ಕನೆ ನಿಂತು ಮೂಗು ತಗ್ಗಿಸಿದ, ಕಾಲಲ್ಲಿ ಕೆರೆದ. "ಆಯಿ, ತಾಡಪತ್ರಿ ತಗಿ!" ಎಂದು ನಾನು ಗುಡ್ಡದ ಮೇಲಿಂದಲೇ ಕೂಗಿದೆ. ಆಯಿ ಮತ್ತು ಫಕೀರವ್ವ ಎರಡು ಮೂಲೆ ಹಿಡಿದು ಸರ್ರನೆ ಎಳೆದರು. ಕಡಲೆ ಬುಟ್ಟಿ, ಬಕೆಟ್ಟು ಎಲ್ಲ ಉರುಳಿದವು.

ಕೆಂಪು ಮಣ್ಣು ಕಂಡದ್ದೇ ತಡ, ಹವಾಲ್ದಾರ ಧೊಪ್ಪನೆ ಬಿದ್ದು ಹೊರಳಿದ. ಈ ಮಗ್ಗುಲು, ಆ ಮಗ್ಗುಲು, ನಾಲ್ಕೂ ಕಾಲು ಮೇಲೆ. ನನ್ನ ಅರ್ಧ ಬಾಟಲಿ ಶಾಂಪೂ ಮಣ್ಣುಪಾಲು. ಎದ್ದು ಮೈ ಕೊಡವಿ ಕತ್ತೆತ್ತಿ ಒಂದು ಸಲ ಒದರಿದ ನೋಡಿ, ಕೆಳಗಿನ ಪೇಟೆಯ ತನಕ ಕೇಳಿಸಿರಬೇಕು. ಗಂಗಿಯ ಕಡೆ ತಿರುಗಿ ಮೇಲ್ದುಟಿ ಎತ್ತಿ ಹಲ್ಲು ತೋರಿಸಿದ.

"ನೀರು! ಎಷ್ಟೈತಿ?" ಡಾಕ್ಟರ್ ಕೂಗಿದರು.

"ನಲವತ್ತೈದ್ರಿ!"

ಮುತ್ಯಾ ಮುಖ ತಿರುಗಿಸುವುದನ್ನು ಮರೆತು ಹಗ್ಗ ಹಿಡಿದಿದ್ದ. ಡಾಕ್ಟರ್ ಬೂಟುಗಾಲನ್ನು ಮಣ್ಣಿನಲ್ಲಿ ಊರಿ ಪಕ್ಕದಿಂದ ಬಗ್ಗಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟಾಗ ಗಡಿಯಾರ ಹನ್ನೆರಡು ಇಪ್ಪತ್ತು ತೋರಿಸುತ್ತಿತ್ತು. ಬಾಟಲಿ ಬೆಚ್ಚಗಿತ್ತು. ನಾನು ನಗುತ್ತಿದ್ದೆ. ಫಕೀರವ್ವ ನನ್ನ ಬೆನ್ನಿಗೆ ಗುದ್ದಿ, "ನಮ್ಮ ಗಂಗಿ ಚಂದ ಅದಾಳಿಲ್ಲೋ?" ಎಂದಳು. "ಚಂದ ಅದಾಳ್ರಿ, ಭಾಳ ಚಂದ ಅದಾಳ" ಎಂದು ಗಂಗಿಯ ಹಣೆಗೆ ಮುತ್ತು ಕೊಟ್ಟೆ.

ಪಡಸಾಲೆಯಲ್ಲಿ ಒಂದು ಹನಿ ಮೈಕ್ರೋಸ್ಕೋಪಿನ ಕೆಳಗಿಟ್ಟಾಗ ಅದರೊಳಗೆ ಜಾತ್ರೆಯೇ ಜಾತ್ರೆ. "ಚಲೋ ಐತಿ, ಭಾಳ ಚಲೋ ಐತಿ. ಆದ್ರ ಪರೀಕ್ಷಾ ಇನ್ನ ಮುಂದ" ಎಂದರು ಡಾಕ್ಟರ್. ತಾಜಾ ವೀರ್ಯಾಣುಗಳು ಓಡುವುದು ದೊಡ್ಡದಲ್ಲ. ಗಡ್ಡೆ ಕಟ್ಟಿಸಿ ಮತ್ತೆ ಕರಗಿಸಿದ ಮೇಲೆ ಎಷ್ಟು ಬದುಕಿರುತ್ತವೆ ಎಂಬುದೇ ಪ್ರಶ್ನೆ. ಕೆಲವು ಗಂಡುಗಳದು ಎಷ್ಟು ಚೆನ್ನಾಗಿದ್ದರೂ ಥಂಡಿಯಲ್ಲಿ ಪೂರ್ತಿ ಸತ್ತುಹೋಗುತ್ತದಂತೆ. ನನ್ನ ನಗು ಅಲ್ಲಿಗೇ ನಿಂತಿತು.

ವೀರ್ಯವನ್ನು ತಿರುಗಿಸಿ, ಥಂಡಿ ತಡೆಯಲೆಂದು ಹಾಲಿನ ಪುಡಿ, ತತ್ತಿಯ ಹಳದಿ, ಗ್ಲಿಸರಿನ್ ಬೆರೆಸಿದ ದ್ರಾವಣಕ್ಕೆ ಹಾಕಿದೆವು. ಆಯಿ ಇಣುಕಿ, "ಹಾಲು, ತತ್ತಿ... ಸಕ್ರಿ ಮರತೀರಿ" ಎಂದಳು. ಮಂಜಿನ ಪೆಟ್ಟಿಗೆಯಲ್ಲಿ ನಿಧಾನಕ್ಕೆ ತಂಪಾಗುವಾಗ ಡಾಕ್ಟರ್ ಅರ್ಜಿ ತುಂಬಿಸಿದರು. ಗಂಡಿನ ಹೆಸರು, ವಯಸ್ಸು, ಬಣ್ಣ. ಹುಟ್ಟಿದ ಊರು?

"ಬಾಯ್ನಾ" ಎಂದ ಮುತ್ಯಾ.

"ಸಾಂಖಳಿ ಅಂದಿದ್ರಲ್ರಿ ಅಜ್ಜಾರ?"

"ಹುಟ್ಟಿದ್ದು ಇಲ್ಲೆ. ಹೊಟ್ಟ್ಯಾಗ ಬಂದಿದ್ದು ಬಾಯ್ನಾದಾಗ. ಬಾಯ್ನಾನ ಬರೀರಿ."

ಡಾಕ್ಟರ್ ಬರೆದರು. ಅರವತ್ತೆರಡು ಕಡ್ಡಿಗಳಾದವು. ಒಂದೊಂದರ ಮೇಲೂ ನಾನೇ ಸಣ್ಣಕ್ಷರದಲ್ಲಿ ಬರೆದೆ: ಹವಾಲ್ದಾರ, ಬಾಯ್ನಾ.

ಥರ್ಮೊಕೋಲ್ ಪೆಟ್ಟಿಗೆಗೆ ಸಾರಜನಕ ಸುರಿದಾಗ ಬಿಳಿ ಹೊಗೆ ಪಡಸಾಲೆ ತುಂಬ ಹರಿಯಿತು. ಕಡ್ಡಿಗಳನ್ನು ಮೊದಲು ಹತ್ತು ನಿಮಿಷ ಆ ಹೊಗೆಯಲ್ಲಿ ಹಿಡಿದು, ಆಮೇಲೆ ಒಳಗೆ ಮುಳುಗಿಸಿದೆವು. ಚಟಚಟ ಸದ್ದಾಯಿತು. "ಕುದ್ಯಾಕತ್ತೈತಲ್ಲ!" ಎಂದು ಮುತ್ಯಾ ಹೌಹಾರಿದ. "ಬಿಸಿ ಅಲ್ಲ ಮುತ್ಯಾ, ಥಂಡಿಗೆ ಹಂಗ ಆಗತೈತಿ" ಎಂದೆ. ಅವನು ನಂಬಲಿಲ್ಲ. "ಇಷ್ಟ ಥಂಡ್ಯಾಗ ಪಾಪ, ಹೆಂಗ ಇರತಾವ?" ಎಂದು ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತ.

ಮೂರೂವರೆಗೆ ಒಂದು ಕಡ್ಡಿಯನ್ನು ಪರೀಕ್ಷೆಗೆಂದು ತೆಗೆದೆವು. ಬೆಚ್ಚನೆ ನೀರಿನಲ್ಲಿ ಮೂವತ್ತು ಸೆಕೆಂಡು. ಒರೆಸಿ ತುದಿ ಕತ್ತರಿಸಿ ಗಾಜಿನ ಪಟ್ಟಿಯ ಮೇಲೆ ಹನಿ ಹಾಕಿದೆ. ಡಾಕ್ಟರ್ ನನಗೇ ನೋಡಲು ಹೇಳಿದರು.

ನೋಡಿದೆ. ಒಂದೂ ಅಲುಗುತ್ತಿರಲಿಲ್ಲ.

ಪಟ್ಟಿ ಸರಿಸಿ ನೋಡಿದೆ. ಚಾಪೆಯ ಮೇಲೆ ಸಾಸಿವೆ ಚೆಲ್ಲಿದಂತೆ ಎಲ್ಲ ಬಿದ್ದಿದ್ದವು. ಬಾಗಿಲ ಬಳಿ ಮುತ್ಯಾ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಕಡೆ ತಿರುಗುವ ಧೈರ್ಯ ನನಗಾಗಲಿಲ್ಲ.

ಡಾಕ್ಟರ್ ಕೈ ಚಾಚಿ ಗಾಜಿನ ಪಟ್ಟಿ ಮುಟ್ಟಿ ನೋಡಿದರು. "ಏ ಹುಡುಗಿ! ಎಲ್ಲಿಟ್ಟಿದ್ದಿ ಇದನ್ನ?"

ಸಾರಜನಕದ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟಿದ್ದೆ. ಪಟ್ಟಿ ಮಂಜಿನಷ್ಟು ತಣ್ಣಗಿತ್ತು. ಥಂಡಿಯಲ್ಲಿ ಅವು ಓಡುವುದಿಲ್ಲ. ಇದು ನನಗೆ ಗೊತ್ತಿದ್ದ ವಿಷಯ! ನನ್ನ ತಲೆಗೆ ನಾನೇ ಹೊಡೆದುಕೊಂಡೆ. ಆಯಿ ಆಗಷ್ಟೇ ತಂದಿಟ್ಟ ಚಹಾದ ಲೋಟಕ್ಕೆ ಇನ್ನೊಂದು ಪಟ್ಟಿಯನ್ನು ಒತ್ತಿ, ಕೆನ್ನೆಗೆ ಹಿಡಿದು ನೋಡಿ, ಬೆಚ್ಚಗಾದ ಮೇಲೆ ಅದೇ ಕಡ್ಡಿಯಿಂದ ಮತ್ತೊಂದು ಹನಿ ಹಾಕಿದೆ.

ಒಂದು ಅಲುಗಿತು. ಅದರ ಪಕ್ಕದ್ದು ಬಾಲ ಬಡಿಯಿತು. ಆಮೇಲೆ ಈ ಮೂಲೆಯಿಂದ ಆ ಮೂಲೆಗೆ ಒಂದು ಸರ್ರನೆ ಹೋಯಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಹತ್ತು. "ಓಡಾಕತ್ತಾವ್ರಿ! ಮೇಡಂ, ಓಡಾಕತ್ತಾವು!" ಎಂದು ನಾನು ಕುಣಿದಾಡಿಬಿಟ್ಟೆ. ಡಾಕ್ಟರ್ ಬಗ್ಗಿ ಎಣಿಸಿದರು. "ಅರ್ಧಕ್ಕರ್ಧ ಬದುಕ್ಯಾವು. ಮುಬಶ್ಶಿರಾ, ಇದು ಭಾಳ ಆತು. ನಮ್ಮ ಆರೂ ಮಂದಿಗೆ ಸಾಕು, ಮುಂದ ಸಿಗೂ ಹೆಣ್ಣುಗತ್ತಿಗೂ ಉಳೀತಾವು" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಬಾ ಮುತ್ಯಾ, ನೋಡ್ ಬಾ."

ಮುತ್ಯಾ ಬಂದ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಒಂದು ಕಣ್ಣು ಮುಚ್ಚುವುದು ಅವನಿಗೆ ಆಗಲಿಲ್ಲ. ನಾನೇ ಅಂಗೈಯಿಂದ ಮುಚ್ಚಿದೆ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಡಾಕ್ಟರ್ ಹೊರಡುವ ಹೊತ್ತು ಮೀರುತ್ತಿದ್ದರೂ ಯಾರೂ ಅವನನ್ನು ಎಬ್ಬಿಸಲಿಲ್ಲ. ಹೊರಗೆ ಹವಾಲ್ದಾರ ಕಡಲೆ ಅಗಿಯುವ ಸದ್ದು ಕೇಳುತ್ತಿತ್ತು.

"ಮುಬಶ್ಶಿರಾ" ಎಂದ ಮುತ್ಯಾ, ಕಣ್ಣು ತೆಗೆಯದೆ.

"ಏನ್ ಮುತ್ಯಾ?"

ನನ್ನ ಅಂಗೈ ಒದ್ದೆಯಾಗಿತ್ತು.

"ಒಂದರ ಬೆನ್ನ ಮ್ಯಾಲೂ ಹೊರಿ ಇಲ್ಲವ್ವ."